ಯೋಗಾಚಾರ್ಯ ಕೃಷ್ಣಮಾಚಾರ್ಯರು

ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಮೈಸೂರು, ಕಾಶಿಗಳಲ್ಲಿ ಶಾಸ್ತ್ರಾಧ್ಯಯನ ಮಾಡಿದರು. ಅಷ್ಟು ಕಲಿತವರಿಗೂ ಹೊಟ್ಟೆಯ ಪಾಡು ತಪ್ಪಲಿಲ್ಲ. ಮದುವೆಯಾದ ಮೇಲೆ ಕೆಲಕಾಲ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾಗಿ ದುಡಿದರು. ಪದವಿಯ ಹೊಸ್ತಿಲಲ್ಲಿ ನಿಂತಿರುವ ನನ್ನಂಥವನ ಮನಸ್ಸಿಗೆ ನಾಟಿದ ಸಂಗತಿಯಿದು.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಜಗನ್ಮೋಹನ ಅರಮನೆಯಲ್ಲಿ ಅವರ ಯೋಗಶಾಲೆ ಆರಂಭವಾಯಿತು. ಮರುವರ್ಷ ‘ಯೋಗ ಮಕರಂದ’, 1941ರಲ್ಲಿ ‘ಯೋಗಾಸನಗಳು’ ಎಂಬ ಪುಸ್ತಕಗಳನ್ನು ಬರೆದರು, ಎರಡೂ ಕನ್ನಡದಲ್ಲಿಯೇ! ಸಂಸ್ಕೃತದ ಪ್ರಕಾಂಡ ಪಂಡಿತರು ನಮ್ಮ ನುಡಿಯಲ್ಲಿ ಬರೆದುದು ನಮ್ಮ ಭಾಗ್ಯವಲ್ಲವೆ? ಗುರುದಕ್ಷಿಣೆಗೆ ಕಾಸಿಲ್ಲದ ನಮ್ಮ ಮನೆಯಲ್ಲಿ, ಅಕ್ಷರವರಿಯದ ಅವ್ವನ ಎದುರಿಗೆ, ಪುಸ್ತಕವನ್ನು ಚಾಪೆಯ ಪಕ್ಕದಲ್ಲಿ ತೆರೆದಿಟ್ಟುಕೊಂಡು ನಾನು ಆಸನಗಳನ್ನು ಕಲಿಯುತ್ತಿದ್ದೇನೆ. ಕೈಕಾಲಿನ ನಿಲುವನ್ನು ಚಿತ್ರ ತೋರಿಸುತ್ತದೆ. ನನ್ನ ಉಸಿರು ಸರಿಯೇ ಎಂಬುದನ್ನು ಹೇಳಲಾರದು. ಆಚಾರ್ಯರಾದರೋ ಶಿಷ್ಯನ ವಯಸ್ಸು, ಶಕ್ತಿಗಳನ್ನು ನೋಡಿಯೇ ಪಾಠ ಹೇಳುವವರು. ಆ ಕಣ್ಣು ಪುಸ್ತಕಕ್ಕೆಲ್ಲಿಂದ ಬರಬೇಕು?

ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್, ವಿದೇಶದಿಂದ ಬಂದ ಇಂದ್ರಾದೇವಿ ಅವರ ಶಿಷ್ಯರು. ರಾಜಾಶ್ರಯ ತಪ್ಪಿ 1950ರಲ್ಲಿ ಶಾಲೆ ಮುಚ್ಚಿತು. ಅರವತ್ತು ದಾಟಿದ್ದ ಆಚಾರ್ಯರು ಮದರಾಸಿಗೆ ಹೋಗಿ ಮತ್ತೆ ಪಾಠಕ್ಕೆ ಕುಳಿತರು. ನೂರು ವರ್ಷ ತುಂಬಿದ ಮೇಲೆ, 1989ರಲ್ಲಿ, ಅಲ್ಲಿಯೇ ತೀರಿಕೊಂಡರು.