ಕೋಶ ಹುಟ್ಟುವುದನ್ನೂ ಸಾಯುವುದನ್ನೂ ಕಂಡ ಫ್ಲೆಮಿಂಗ್: ಕರುಳಿನ ಕ್ಯಾನ್ಸರ್ ಕೋಶ ಯಾಕೆ ಸಾಯುವುದಿಲ್ಲ?

ಸಕ್ಕರೆ ಬಿಟ್ಟು, ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದರೆ ಕ್ಯಾನ್ಸರ್ ಕೋಶಗಳು ತಾವಾಗಿಯೇ ಸಾಯುತ್ತವೆ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಕಳಿಸಿದವರ ಉದ್ದೇಶ ಒಳ್ಳೆಯದೇ. ಆದರೆ ಕೋಶವೊಂದು ತಾನಾಗಿ ಸಾಯಬೇಕಾದರೆ ಅದರೊಳಗೆ ಅದಕ್ಕೆಂದೇ ಇರುವ ವ್ಯವಸ್ಥೆ ಕೆಲಸ ಮಾಡಬೇಕು. ಕ್ಯಾನ್ಸರ್ ಕೋಶಗಳಲ್ಲಿ ಕೆಟ್ಟಿರುವುದು ಅದೇ ವ್ಯವಸ್ಥೆ. ಇದನ್ನು ಅರ್ಥಮಾಡಿಕೊಳ್ಳಲು 140 ವರ್ಷ ಹಿಂದಕ್ಕೆ, ಜರ್ಮನಿಯ ಒಬ್ಬ ವಿಜ್ಞಾನಿಯ ಬಳಿಗೆ ಹೋಗೋಣ.

ಅವರ ಹೆಸರು ವಾಲ್ಟರ್ ಫ್ಲೆಮಿಂಗ್. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಬೇರೆ, ಇವರು ಬೇರೆ. ವಾಲ್ಟರ್ ಹುಟ್ಟಿದ್ದು 1843ರಲ್ಲಿ, ಜರ್ಮನಿಯ ಶ್ವೆರಿನ್ ಪಟ್ಟಣದ ಹತ್ತಿರ. ತಂದೆ ಹೆಸರಾಂತ ಮನೋವೈದ್ಯರು. ಮಗನೂ ವೈದ್ಯಕೀಯ ಓದಿ, 1870ರ ಫ್ರಾನ್ಸ್-ಪ್ರಶ್ಯಾ ಯುದ್ಧದಲ್ಲಿ ಸೇನಾ ವೈದ್ಯರಾಗಿ ದುಡಿದರು. ಆಮೇಲೆ ಪ್ರಾಗ್‌ನಲ್ಲಿ ಪಾಠ ಮಾಡಿ, 1876ರಲ್ಲಿ ಕೀಲ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಬಂದರು. ಮುಂದಿನ ಜೀವನವೆಲ್ಲ ಕಳೆದದ್ದು ಅಲ್ಲೇ. ಸಂಬಳದ ಒಂದು ಪಾಲನ್ನು ಮನೆಯಿಲ್ಲದ ಬಡವರಿಗೆ ಕೊಡುತ್ತಿದ್ದರು. ಶಾಲೆಗೆ ಹೋಗಲಾಗದ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದರು.

ಆ ಕಾಲದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕೋಶದ ಒಳಭಾಗ ಮಸುಕಾಗಿ ಕಾಣುತ್ತಿತ್ತು. ಬಟ್ಟೆಗೆ ಹಾಕಲು ಆಗಷ್ಟೇ ಬಳಕೆಗೆ ಬಂದಿದ್ದ ಅನಿಲಿನ್ ಬಣ್ಣಗಳನ್ನು ಫ್ಲೆಮಿಂಗ್ ಕೋಶಗಳಿಗೆ ಹಾಕಿ ನೋಡಿದರು. ಇದಕ್ಕೆ ಅವರು ಆರಿಸಿಕೊಂಡದ್ದು ಸಾಲಮಾಂಡರ್ ಎಂಬ ಪ್ರಾಣಿಯ ಮರಿಗಳನ್ನು. ಅದರ ಕೋಶಗಳು ದೊಡ್ಡವು. ಕೋಶಕೇಂದ್ರದಲ್ಲಿ ಬಣ್ಣ ಹೀರಿಕೊಂಡ ಒಂದು ವಸ್ತು ಕಂಡಿತು. ಅದಕ್ಕೆ ಕ್ರೊಮ್ಯಾಟಿನ್ ಎಂದು ಹೆಸರಿಟ್ಟರು. ಕೋಶ ಎರಡಾಗುವಾಗ ಅದು ದಾರಗಳಂತಾಗಿ, ಪ್ರತಿ ದಾರವೂ ಉದ್ದಕ್ಕೆ ಸೀಳಿ, ಎರಡು ಕಡೆಗೆ ಸಮವಾಗಿ ಹಂಚಿಹೋಗುವುದನ್ನು ಗಮನಿಸಿದರು. ಈ ಕ್ರಿಯೆಯೇ ಮೈಟೋಸಿಸ್. 1882ರಲ್ಲಿ ಬಂದ ಅವರ ಪುಸ್ತಕದಲ್ಲಿ ಇದೆಲ್ಲ ಚಿತ್ರಗಳ ಸಮೇತ ಇದೆ. ನಾವು ಪಿಯುಸಿ ಬಯಾಲಜಿಯಲ್ಲಿ ಬಿಡಿಸಿದ ಮೈಟೋಸಿಸ್ ಹಂತಗಳ ಚಿತ್ರಕ್ಕೆ ಮೂಲ ಇದೇ.

ಆದರೆ ಅವರ ಇನ್ನೊಂದು ಕೆಲಸ ಅನೇಕರಿಗೆ ಗೊತ್ತಿಲ್ಲ. 1885ರಲ್ಲಿ ಅವರು ಮೊಲದ ಅಂಡಾಶಯವನ್ನು ಪರೀಕ್ಷಿಸುತ್ತಿದ್ದರು. ಅಲ್ಲಿ ಪ್ರತಿ ಅಂಡಾಣುವನ್ನೂ ಕೋಶಗಳ ಒಂದು ಚೀಲ ಸುತ್ತುವರಿದಿರುತ್ತದೆ. ಬಹುಪಾಲು ಚೀಲಗಳು ಅಂಡಾಣು ಹೊರಬರುವ ಮೊದಲೇ ಒಣಗಿಹೋಗುತ್ತವೆ. ಅಂಥ ಚೀಲಗಳಲ್ಲಿ ಕೋಶಕೇಂದ್ರಗಳು ಕುಗ್ಗಿ, ಚೂರುಚೂರಾಗಿ ಮಾಯವಾಗುವುದು ಅವರಿಗೆ ಕಂಡಿತು. ಗಾಯವೂ ಇರಲಿಲ್ಲ, ಸೋಂಕೂ ಇರಲಿಲ್ಲ. ಇದಕ್ಕೆ ಕ್ರೊಮ್ಯಾಟೊಲಿಸಿಸ್ ಎಂದು ಹೆಸರಿಟ್ಟರು.

ಮೈಟೋಸಿಸ್ ಪಠ್ಯಪುಸ್ತಕ ಸೇರಿತು. ಕೋಶದ ಸಾವಿನ ವಿಷಯ ಮೂಲೆಗೆ ಬಿತ್ತು. ಫ್ಲೆಮಿಂಗ್ 1905ರಲ್ಲಿ, 62ನೇ ವಯಸ್ಸಿನಲ್ಲಿ ತೀರಿಕೊಂಡರು. 1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಸ್ಟರ್ ಕರಿ ಎಂಬ ಮೂವರು ವಿಜ್ಞಾನಿಗಳು ಇಂಥ ಸಾವಿಗೆ ಅಪೊಪ್ಟೋಸಿಸ್ ಎಂಬ ಹೆಸರು ಕೊಟ್ಟ ಮೇಲೆಯೇ ಜಗತ್ತು ಇತ್ತ ತಿರುಗಿ ನೋಡಿದ್ದು. ಮರದ ಎಲೆ ಉದುರುವುದಕ್ಕೆ ಗ್ರೀಕರು ಬಳಸುತ್ತಿದ್ದ ಪದ ಅದು.

ಈಗ ನಮ್ಮ ದೊಡ್ಡ ಕರುಳಿಗೆ ಬರೋಣ. ಅದರ ಒಳಪದರದ ಕೋಶಗಳ ಆಯುಸ್ಸು ಕೆಲವೇ ದಿನ. ತಳದಲ್ಲಿ ಹೊಸವು ಹುಟ್ಟುತ್ತವೆ, ಮೇಲೆ ಬಂದ ಹಳೆಯವು ಸತ್ತು ಉದುರುತ್ತವೆ. ಹುಟ್ಟು-ಸಾವಿನ ಲೆಕ್ಕ ಸರಿಹೋದರೆ ಪದರ ಆರೋಗ್ಯವಾಗಿರುತ್ತದೆ.

ಈ ಕೋಶಗಳ ಮೈಮೇಲೆ ಡೆತ್ ರಿಸೆಪ್ಟರ್ ಎಂಬ ಪ್ರೋಟೀನುಗಳಿವೆ. ಮನೆಯ ಕರೆಗಂಟೆ ಇದ್ದ ಹಾಗೆ. ಕೋಶ ಕೆಟ್ಟಿದೆ ಎಂದು ಕಂಡರೆ ರೋಗನಿರೋಧಕ ಕೋಶ ಬಂದು ಗಂಟೆ ಒತ್ತುತ್ತದೆ. ಒಳಗೆ ಸಾವಿನ ಸರಣಿ ಶುರುವಾಗುತ್ತದೆ. ಫ್ಯಾಸ್ ಇಂಥ ಒಂದು ರಿಸೆಪ್ಟರ್. ಆರೋಗ್ಯವಂತ ಕರುಳಿನ ಕೋಶಗಳಲ್ಲಿ ಇದು ಚೆನ್ನಾಗಿಯೇ ಇರುತ್ತದೆ. ಕರುಳಿನ ಅನೇಕ ಕ್ಯಾನ್ಸರ್ ಗಡ್ಡೆಗಳಲ್ಲಿ ಕಡಿಮೆಯಾಗಿರುತ್ತದೆ ಅಥವಾ ಕಾಣೆಯಾಗಿರುತ್ತದೆ. ಟ್ರೇಲ್ ಎಂಬ ಸಾವಿನ ಸಂದೇಶವನ್ನು ಹಿಡಿಯುವ ರಿಸೆಪ್ಟರ್‌ಗಳ ಜೀನ್‌ಗಳು 8ನೇ ಕ್ರೋಮೋಸೋಮಿನಲ್ಲಿವೆ. ಡಿಸಿಸಿ ಎಂಬ ಇನ್ನೊಂದು ರಿಸೆಪ್ಟರ್‌ನ ಜೀನ್ 18ನೇ ಕ್ರೋಮೋಸೋಮಿನಲ್ಲಿದೆ. ಕರುಳಿನ ಕ್ಯಾನ್ಸರ್‌ನಲ್ಲಿ ಈ ಎರಡೂ ಭಾಗಗಳು ಹಲವು ಸಲ ಕಳೆದುಹೋಗಿರುತ್ತವೆ.

ಕ್ರೋಮೋಸೋಮ್ ಎಂದರೆ ಫ್ಲೆಮಿಂಗ್ ಬಣ್ಣ ಹಾಕಿ ನೋಡಿದ ಅದೇ ದಾರಗಳು. ಕೋಶ ಎರಡಾಗುವಾಗ ದಾರಗಳ ಹಂಚಿಕೆ ತಪ್ಪಿದರೆ ಒಂದು ತುಂಡು ಕಳೆದುಹೋಗಬಹುದು. ಆ ತುಂಡಿನಲ್ಲಿ ಕರೆಗಂಟೆಯ ಜೀನ್ ಇದ್ದರೆ, ಕೋಶಕ್ಕೆ ಸಾಯುವ ಕರೆ ಕೇಳಿಸುವುದೇ ಇಲ್ಲ. ಅವರು ಕಂಡ ಎರಡು ಸಂಗತಿಗಳು ಇಲ್ಲಿ ಒಂದಾಗುತ್ತವೆ: ವಿಭಜನೆಯಲ್ಲಿ ತಪ್ಪು, ಸಾವಿನಲ್ಲಿ ತಪ್ಪು.

ಇಷ್ಟರಿಂದಲೇ ಕ್ಯಾನ್ಸರ್ ಬರುವುದಿಲ್ಲ. ಬೇರೆ ಜೀನ್‌ಗಳೂ ಒಂದೊಂದಾಗಿ ಕೆಡಬೇಕು. ಆದರೆ ಸಾಯಬೇಕಾದ ಕೋಶ ಉಳಿದುಕೊಂಡರೆ ಇನ್ನಷ್ಟು ತಪ್ಪುಗಳು ಸೇರಲು ಸಮಯ ಸಿಗುತ್ತದೆ. ಅಂಥ ಕೋಶಗಳು ಕೀಮೋ ಔಷಧಿಗೂ ಸುಲಭಕ್ಕೆ ಬಗ್ಗದಿರಬಹುದು.

ಈಗ ಆ ನಿಂಬೆನೀರಿನ ಸಂದೇಶ ಮತ್ತೆ ಓದಿ. ಸಕ್ಕರೆ ಬಿಟ್ಟರೂ ದೇಹ ಅನ್ನ, ಬೇಳೆಯಿಂದ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ನಿಂಬೆರಸಕ್ಕೆ ಕಳೆದುಹೋದ ರಿಸೆಪ್ಟರನ್ನು ಮರಳಿ ಕೂರಿಸುವ ಶಕ್ತಿ ಇಲ್ಲ. ಸಕ್ಕರೆ ಕಡಿಮೆ ಮಾಡುವುದು ಒಳ್ಳೆಯದೇ, ಆದರೆ ಅದನ್ನು ನಂಬಿ ಚಿಕಿತ್ಸೆ ಮುಂದೂಡಿದರೆ ಪ್ರಾಣಕ್ಕೆ ಅಪಾಯ.

ಸಮಾಧಾನದ ವಿಷಯವೂ ಇದೆ. ಕರುಳಿನೊಳಗಿನ ಸಣ್ಣ ಗಂಟು, ಅಂದರೆ ಪಾಲಿಪ್, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಅಷ್ಟರೊಳಗೆ ಕೊಲೊನೋಸ್ಕೋಪಿಯಲ್ಲಿ ಕಂಡರೆ ಆಗಲೇ ತೆಗೆದುಹಾಕಬಹುದು. ಮಲದಲ್ಲಿ ರಕ್ತ, ಮಲವಿಸರ್ಜನೆಯ ರೀತಿಯಲ್ಲಿ ಹಲವು ವಾರಗಳ ಬದಲಾವಣೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ - ಇವುಗಳಲ್ಲಿ ಯಾವುದು ಕಂಡರೂ ಮೂಲವ್ಯಾಧಿ ಇರಬೇಕು ಎಂದು ನೀವೇ ತೀರ್ಮಾನಿಸಬೇಡಿ. ಹತ್ತಿರದ ಸಂಬಂಧಿಕರಿಗೆ ಈ ಕ್ಯಾನ್ಸರ್ ಬಂದಿದ್ದರೆ, ಲಕ್ಷಣ ಇಲ್ಲದಿದ್ದರೂ ವೈದ್ಯರಿಗೆ ತಿಳಿಸಿ. ಫಾರ್ವರ್ಡ್ ಮಾಡಲೇಬೇಕು ಅನಿಸಿದರೆ ಈ ಕೊನೆಯ ಪ್ಯಾರಾ ಮಾಡಿ.