ಶ್ರೀ ವಾದಿರಾಜತೀರ್ಥರೂ ತ್ರಯೋದಶಿಯ ಪ್ರದೋಷಪೂಜೆಯೂ

ಪ್ರತಿಮಾಸದ ಉಭಯ ಪಕ್ಷಗಳಲ್ಲಿಯೂ ತ್ರಯೋದಶಿಯ ಸಾಯಂಸಂಧ್ಯೆಯಲ್ಲಿ ಒದಗುವ ಪ್ರದೋಷಕಾಲದ ವಿಷಯವಾಗಿ ನಮ್ಮ ಮಾಧ್ವ ಗೃಹಸ್ಥರಲ್ಲಿ ಒಂದು ಸಂದೇಹವು ಬಹುಕಾಲದಿಂದ ಉಳಿದುಬಂದಿದೆ. ಏಕಾದಶಿಯ ಉಪವಾಸವನ್ನು ನಡೆಸಿ, ದ್ವಾದಶಿಯ ಪಾರಣೆಯನ್ನು ಮುಗಿಸಿದ ಮರುದಿನವೇ ಮತ್ತೆ ಹಗಲೆಲ್ಲ ಉಪವಾಸವಿದ್ದು, ಸಂಜೆ ರುದ್ರದೇವರನ್ನು ಪೂಜಿಸುವುದು ಹರಿಸರ್ವೋತ್ತಮತ್ವವನ್ನು ಒಪ್ಪಿದ ಮನೆಗೆ ಯುಕ್ತವೇ ಎಂಬುದು ಆ ಸಂದೇಹ. ಸೊಸೆಯಾಗಿ ಬಂದವಳು ತವರಿನ ಪ್ರದೋಷವ್ರತವನ್ನು ತನ್ನೊಡನೆ ತಂದಾಗ ಅತ್ತೆಯು ಹುಬ್ಬುಗಂಟಿಕ್ಕುವುದನ್ನೂ, ಅಲ್ಲಿಂದ ಮಾತು ಬೆಳೆದು ಮನೆಯ ನೆಮ್ಮದಿ ಕೆಡುವುದನ್ನೂ ನಾವು ಕಂಡಿದ್ದೇವೆ. ಶುಷ್ಕವಾದದಿಂದ ಇಂಥ ಸಂದೇಹಗಳು ತೀರುವುದು ಅಪರೂಪ. ಆದ್ದರಿಂದ ಶ್ರೀಮದ್ವಾದಿರಾಜತೀರ್ಥ ಶ್ರೀಪಾದಂಗಳವರ ಚರಿತ್ರೆಯನ್ನು ಈ ಸಂದರ್ಭದಲ್ಲಿ ಸ್ಮರಿಸಲು ಬಯಸುತ್ತೇವೆ.

ಶ್ರೀ ವಾದಿರಾಜರ ಅವತಾರವೇ ಒಂದು ವ್ರತದ ಪಾರಣೆಯ ದಿನದಲ್ಲಿ ಆದುದು. ಕುಂಭಾಸಿಯ ಸಮೀಪದ ಹೂವಿನಕೆರೆಯಲ್ಲಿ ರಾಮಾಚಾರ್ಯ, ಗೌರೀದೇವಿ ಎಂಬ ಸಾತ್ತ್ವಿಕ ದಂಪತಿಗಳಿದ್ದರು. ಸಂತಾನಾಪೇಕ್ಷೆಯಿಂದ ಶ್ರೀ ವಾಗೀಶತೀರ್ಥರಲ್ಲಿ ಮೊರೆಯಿಟ್ಟಾಗ, ಹುಟ್ಟುವ ಶಿಶುವು ಮನೆಯೊಳಗೆ ಜನಿಸಿದರೆ ತಂದೆತಾಯಿಗಳಿಗೂ, ಮನೆಯ ಹೊರಗೆ ಜನಿಸಿದರೆ ಮಠಕ್ಕೂ ಸೇರತಕ್ಕದ್ದೆಂದು ಗುರುಗಳು ನಿಯಮವನ್ನು ವಿಧಿಸಿದರಂತೆ. ದಿನ ತುಂಬಿದ ಗರ್ಭಿಣಿಯನ್ನು ಹೊಸ್ತಿಲು ದಾಟಗೊಡದೆ ಮನೆಯವರು ಕಾದರು. ಕ್ರಿ.ಶ. 1480ರ ಮಾಘ ಶುದ್ಧ ದ್ವಾದಶಿ ಬಂದಿತು. ಅಂದು ಸಾಧನದ್ವಾದಶಿ, ತಿಥಿಯು ಅಲ್ಪವಾಗಿದ್ದುದರಿಂದ ಪಾರಣೆಯನ್ನು ಬೆಳಗ್ಗೆಯೇ ಮುಗಿಸಬೇಕಾಗಿದ್ದಿತು. ರಾಮಾಚಾರ್ಯರು ಎಲೆಯ ಮುಂದೆ ಕುಳಿತಿದ್ದಾಗ ಹಸುವೊಂದು ಗದ್ದೆಯ ಪೈರಿಗೆ ಬಾಯಿಟ್ಟಿತು. ಪಾರಣೆಗೆ ಕುಳಿತವರು ನಡುವೆ ಏಳುವಂತಿಲ್ಲ. ಗೌರೀದೇವಿಯೇ ಅದನ್ನು ಅಟ್ಟಲು ಹೊರಗೆ ನಡೆದಳು, ಅಲ್ಲಿಯೇ ಪ್ರಸವವಾಯಿತು. ಆ ಸ್ಥಳವನ್ನು ಜನರು ಇಂದಿಗೂ ಗೌರಿಗದ್ದೆಯೆಂದು ಕರೆಯುತ್ತಾರೆ. ಗಂಡನ ವ್ರತಕ್ಕೆ ಭಂಗ ಬರಬಾರದೆಂದು ಹೊರಗೆ ಕಾಲಿಟ್ಟ ಆ ತಾಯಿಯು ಅದೇ ಹೆಜ್ಜೆಯಿಂದ ಮಗನನ್ನು ಬಿಟ್ಟುಕೊಡಬೇಕಾಯಿತು. ಈ ಕಥೆಯನ್ನು ಹೇಳುವವರು ಗುರುಗಳ ಮಹಿಮೆಯನ್ನು ಹೊಗಳಿ ಮುಂದೆ ಸಾಗಿಬಿಡುತ್ತಾರೆ. ಗೌರೀದೇವಿಯನ್ನು ನೆನೆದು ಒಂದು ಕ್ಷಣ ನಿಲ್ಲುವುದು ಉಚಿತವೆಂದು ನಮಗೆ ತೋರುತ್ತದೆ.

ಭೂವರಾಹನೆಂಬ ನಾಮಾಂಕಿತದಿಂದ ಬೆಳೆದ ಬಾಲಕನಿಗೆ ಎಂಟನೆಯ ವಯಸ್ಸಿನಲ್ಲಿಯೇ ತುರ್ಯಾಶ್ರಮವಾಯಿತು. ವಾದಿರಾಜರೆಂಬ ಆಶ್ರಮನಾಮವನ್ನು ಪಡೆದು, ಶಾಸ್ತ್ರಗಳಲ್ಲಿ ಪಾರಂಗತರಾಗಿ, ದೇಶದ ನಾಲ್ಕು ದಿಕ್ಕುಗಳನ್ನೂ ಪಾದಚಾರಿಗಳಾಗಿ ಸಂಚರಿಸಿದರು. ಆ ಯಾತ್ರೆಯ ಫಲವೇ ತೀರ್ಥಪ್ರಬಂಧ. ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂಬ ನಾಲ್ಕು ಪ್ರಬಂಧಗಳುಳ್ಳ ಆ ಕೃತಿಯಲ್ಲಿ ವಿಷ್ಣುಕ್ಷೇತ್ರಗಳೊಡನೆ ಗೋಕರ್ಣ, ಕಾಶಿಗಳಂಥ ಶಿವಕ್ಷೇತ್ರಗಳಿಗೂ ಸ್ಥಾನವುಂಟು. ಯುಕ್ತಿಮಲ್ಲಿಕೆಯಲ್ಲಿ ಪರಮತಗಳನ್ನು ಒಂದೊಂದಾಗಿ ಕಡಿದೊಗೆದ ಲೇಖನಿಯೇ ಶಿವಕ್ಷೇತ್ರದ ಬಾಗಿಲಿನಲ್ಲಿ ಭಕ್ತಿಯಿಂದ ಬಾಗಿತು. ರುಕ್ಮಿಣೀಶವಿಜಯದ ಹತ್ತೊಂಬತ್ತು ಸರ್ಗಗಳನ್ನು ಓದಲಾರದವರಿಗೂ, ನಮ್ಮ ಮದುವೆಯ ಮನೆಗಳಲ್ಲಿ ಹೆಂಗಸರು ಹಾಡುವ ಲಕ್ಷ್ಮೀಶೋಭಾನೆಯಿಂದ ಶ್ರೀಗಳು ಪರಿಚಿತರು. ಉಡುಪಿಯ ಪರ್ಯಾಯಪೂಜೆಯು ಎರಡು ತಿಂಗಳಿಗೊಮ್ಮೆ ಮಠದಿಂದ ಮಠಕ್ಕೆ ಸಾಗುತ್ತಿದ್ದುದನ್ನು ತಪ್ಪಿಸಿ, 1522ರಿಂದ ಎರಡು ವರ್ಷಗಳ ಕ್ರಮವನ್ನು ಏರ್ಪಡಿಸಿದವರೂ ಅವರೇ. ತಮ್ಮ ಸರದಿಯ ಮೊದಲನೆಯ ಪರ್ಯಾಯವನ್ನು 1532ರಲ್ಲಿ ವಹಿಸಿಕೊಂಡರು. ಶ್ರೀಗಳನ್ನು ಭಾವೀಸಮೀರರೆಂದು ಸೋದೆಯ ಪರಂಪರೆಯು ಆರಾಧಿಸುತ್ತದೆ. ಆ ಬಗೆಗಿನ ಚರ್ಚೆಯು ಈ ಪುಟಗಳಿಗೆ ಬೇಡ.

ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಕುಡುಮದ ವೃತ್ತಾಂತ. ನೇತ್ರಾವತಿಯ ಸಮೀಪದ ಆ ಊರಿನಲ್ಲಿ ಜೈನರಾದ ಹೆಗ್ಗಡೆಯವರ ಮನೆತನವು ಧರ್ಮದೈವಗಳನ್ನು ನಂಬಿ ಆಡಳಿತ ನಡೆಸುತ್ತಿದ್ದಿತು. ದೈವಗಳ ಆಜ್ಞೆಯಂತೆ ಅಣ್ಣಪ್ಪನು ಮಂಗಳೂರಿನ ಕದ್ರಿಯಿಂದ ತಂದ ಮಂಜುನಾಥನ ಲಿಂಗವು ಅಲ್ಲಿ ನೆಲೆಸಿದ್ದಿತೆಂದು ಕ್ಷೇತ್ರದ ಐತಿಹ್ಯವು ಹೇಳುತ್ತದೆ. ಹದಿನಾರನೆಯ ಶತಮಾನದಲ್ಲಿ ದೇವರಾಜ ಹೆಗ್ಗಡೆಯವರು ಶ್ರೀ ವಾದಿರಾಜರನ್ನು ಆದರದಿಂದ ಬರಮಾಡಿಕೊಂಡು ಭಿಕ್ಷೆಯನ್ನು ಸ್ವೀಕರಿಸಬೇಕೆಂದು ಬಿನ್ನವಿಸಿದರು. ಶ್ರೀಗಳು ಒಪ್ಪಲಿಲ್ಲ. ಲಿಂಗಕ್ಕೆ ವೇದೋಕ್ತವಾದ ಪ್ರತಿಷ್ಠೆಯು ನಡೆದಿಲ್ಲವಾದ್ದರಿಂದ ಆ ಸ್ಥಳದಲ್ಲಿ ಭಿಕ್ಷೆಯನ್ನು ಮಾಡುವುದು ತಮಗೆ ಸಲ್ಲದೆಂಬ ಕಾರಣವನ್ನು ತಿಳಿಸಿದರು.

ಮನೆಗೆ ಬಂದ ಯತಿಯು ಅನ್ನವನ್ನು ಮುಟ್ಟದೆ ಹೊರಟರೆ ಗೃಹಸ್ಥನಿಗೆ ಅದಕ್ಕಿಂತ ದೊಡ್ಡ ಸಂಕಟವಿಲ್ಲ. ಹೆಗ್ಗಡೆಯವರು ಕೈಮುಗಿದು, ಆ ಪ್ರತಿಷ್ಠೆಯನ್ನು ಶ್ರೀಗಳೇ ನೆರವೇರಿಸಿಕೊಡಬೇಕೆಂದು ಪ್ರಾರ್ಥಿಸಿದರು. ವೈಷ್ಣವಯತಿಗಳು, ಮೇಲಾಗಿ ಹಯಗ್ರೀವನ ಏಕಾಂತಭಕ್ತರು. ಶಿವಲಿಂಗದ ಪ್ರತಿಷ್ಠೆ ತಮ್ಮ ಕೆಲಸವಲ್ಲವೆಂದು ಜಾರಿಕೊಳ್ಳಬಹುದಾಗಿದ್ದಿತು. ಹಾಗೆ ಮಾಡಲಿಲ್ಲ. ಮಂಜುನಾಥನನ್ನು ವಿಧಿವತ್ತಾಗಿ ಪ್ರತಿಷ್ಠಾಪಿಸಿ, ಹೆಗ್ಗಡೆಯವರ ದಾನಧರ್ಮಗಳಿಗೆ ಮೆಚ್ಚಿ, ಕುಡುಮಕ್ಕೆ ಧರ್ಮಸ್ಥಳವೆಂಬ ಹೆಸರನ್ನು ದಯಪಾಲಿಸಿದರು. ಅಂದಿನಿಂದ ಇಂದಿನವರೆಗೂ ಆಡಳಿತವು ಜೈನ ಮನೆತನದ್ದು, ದೇವರು ಶಿವ, ಅರ್ಚಕರು ಮಾಧ್ವ ಬ್ರಾಹ್ಮಣರು. ಸೂರ್ಯಾಸ್ತದ ಅನಂತರ ಉಣ್ಣಬಾರದೆಂಬ ವ್ರತವುಳ್ಳ ಜೈನರ ಆಶ್ರಯದಲ್ಲಿ ಮಾಧ್ವರ ಕೈಯಿಂದ ಶಿವನಿಗೆ ಸಂಜೆಯ ಆರತಿಯಾಗುವ ಸ್ಥಳ ಬೇರೆಲ್ಲಿದೆ?

ಶ್ರೀಗಳು ಇಲ್ಲಿ ಸಿದ್ಧಾಂತವನ್ನು ಸಡಿಲಿಸಿದರೆಂದು ತಿಳಿಯುವುದು ಸರಿಯಲ್ಲ. ನಮ್ಮ ತಾರತಮ್ಯಕ್ರಮದಲ್ಲಿ ರುದ್ರದೇವರು ಗರುಡಶೇಷರೊಡನೆ ಒಂದೇ ಕಕ್ಷೆಯವರು, ಮನಸ್ಸಿಗೆ ನಿಯಾಮಕರು. ಪ್ರದೋಷದೊಡನೆ ಎಲ್ಲರೂ ನೆನೆಯುವ ಹಾಲಾಹಲದ ಕಥೆಯನ್ನೇ ನೋಡಬಹುದು. ವಿಷದ ಬಹುಭಾಗವನ್ನು ಕುಡಿದು ಜೀರ್ಣಿಸಿಕೊಂಡವರು ವಾಯುದೇವರು, ಅದರ ಅಲ್ಪಾಂಶವನ್ನು ಸ್ವೀಕರಿಸಿ ನೀಲಕಂಠರಾದವರು ರುದ್ರದೇವರು ಎಂದು ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದಲ್ಲಿ ನಿರ್ಣಯಿಸಿದ್ದಾರೆ. ಇದರಿಂದ ರುದ್ರದೇವರ ಗೌರವಕ್ಕೆ ಕುಂದಿಲ್ಲ. ಪೂಜೆಯ ಕ್ರಮವು ಮಾತ್ರ ಸ್ಪಷ್ಟವಾಗುತ್ತದೆ. ಮಾಧ್ವರು ಪ್ರದೋಷದಲ್ಲಿ ರುದ್ರಾಂತರ್ಗತನಾದ ನರಸಿಂಹನನ್ನು ಅನುಸಂಧಾನ ಮಾಡುತ್ತ ಅಭಿಷೇಕವನ್ನು ನಡೆಸುತ್ತಾರೆ. ಶ್ರೀಹರಿಗೆ ನಿವೇದಿಸಿದುದನ್ನೇ ರುದ್ರದೇವರಿಗೆ ಸಮರ್ಪಿಸುತ್ತಾರೆ. ನರಸಿಂಹನು ಕಂಬದಿಂದ ಹೊರಬಂದುದೂ ಹಗಲಿರುಳುಗಳ ನಡುವಣ ಸಂಧ್ಯೆಯಲ್ಲಿಯೇ ಅಲ್ಲವೇ? ಉಡುಪಿಗೆ ಹೋದವರು ಮೊದಲು ಚಂದ್ರಮೌಳೀಶ್ವರನನ್ನೂ, ಬಳಿಕ ಅನಂತೇಶ್ವರನನ್ನೂ ದರ್ಶನಮಾಡಿ ಅನಂತರ ಶ್ರೀಕೃಷ್ಣನ ಸನ್ನಿಧಿಗೆ ನಡೆಯುವ ಸಂಪ್ರದಾಯದಲ್ಲಿಯೂ ಇದೇ ಭಾವವಿದೆ.

ಏಕಾದಶಿಯು ನಿತ್ಯವ್ರತ, ಬಿಡುವಂತಿಲ್ಲ. ಪ್ರದೋಷದ ಉಪವಾಸಕ್ಕೆ ಆ ಬಲವಂತವಿಲ್ಲ. ವೃದ್ಧರೂ ರೋಗಿಗಳೂ ಬಸುರಿ ಬಾಣಂತಿಯರೂ ಒಂದು ದಿನದ ಅಂತರದಲ್ಲಿ ಎರಡು ಉಪವಾಸಗಳನ್ನು ಹೂಡಿ ದೇಹವನ್ನು ದಂಡಿಸಬೇಕಾಗಿಲ್ಲ. ಸಂಜೆ ಸ್ನಾನಾಹ್ನಿಕಗಳನ್ನು ಮುಗಿಸಿ ದರ್ಶನಮಾಡಿದರೆ ಸಾಕೆಂಬುದು ನಮ್ಮ ಅಭಿಪ್ರಾಯ. ತ್ರಯೋದಶಿಯ ಸಂಜೆ ವೇದಾಧ್ಯಯನ ನಿಷಿದ್ಧ. ಪಾಠಶಾಲೆಯ ಹುಡುಗರಾಗಿದ್ದಾಗ ನಮಗೆ ಪ್ರದೋಷದ ಮಹಿಮೆಯೆಲ್ಲ ಆ ಅನಧ್ಯಯನದಲ್ಲಿಯೇ ಕಾಣುತ್ತಿದ್ದಿತು!

ಶ್ರೀ ವಾದಿರಾಜರ ಉತ್ತರಜೀವನವು ಬಹುಮಟ್ಟಿಗೆ ಸೋದೆಯಲ್ಲಿ ಕಳೆಯಿತು. ಅಲ್ಲಿಯ ದೊರೆ ಅರಸಪ್ಪ ನಾಯಕನು ಅವರ ಶಿಷ್ಯನಾದನು, ತ್ರಿವಿಕ್ರಮದೇವರ ಪ್ರತಿಷ್ಠೆಯಾಯಿತು. ಕಡಲೆಬೇಳೆ, ಬೆಲ್ಲ, ಕಾಯಿತುರಿಗಳ ಹಯಗ್ರೀವ ಮಡ್ಡಿಯ ಹರಿವಾಣವನ್ನು ತಲೆಯ ಮೇಲೆ ಹೊತ್ತು ನಿಂತರೆ ಹಯವದನನು ಕುದುರೆಯ ರೂಪದಿಂದ ಬಂದು ಹಿಂದಿನಿಂದ ಹೆಗಲ ಮೇಲೆ ಕಾಲಿರಿಸಿ ಸ್ವೀಕರಿಸುತ್ತಿದ್ದನೆಂಬ ಕಥೆಯನ್ನು ಅರಿಯದ ಮಾಧ್ವ ಮಗುವಿಲ್ಲ. ಶ್ರೀ ವೇದವೇದ್ಯತೀರ್ಥರಿಗೆ ಸಂಸ್ಥಾನವನ್ನು ಒಪ್ಪಿಸಿ, ನೂರಿಪ್ಪತ್ತು ವರ್ಷಗಳು ತುಂಬಿದ ಬಳಿಕ, 1600ರ ಫಾಲ್ಗುಣ ಬಹುಳ ತೃತೀಯೆಯಂದು ಸಶರೀರರಾಗಿ ವೃಂದಾವನವನ್ನು ಪ್ರವೇಶಿಸಿದರು. ಪಂಚವೃಂದಾವನಗಳ ಆ ಸನ್ನಿಧಿಯಲ್ಲಿ, ಧವಳಗಂಗೆಯ ಬಳಿ, ಚಂದ್ರಮೌಳೀಶ್ವರನ ಗುಡಿಯೂ ಇದೆ.