ಹಿಮದ ಮೇಲೆ ಬೈಸಿಕಲ್ಲು ತುಳಿದ ಭೂಗೋಳಜ್ಞ: ಗ್ರಿಫಿತ್ ಟೇಲರ್

ಮಾಗಿಯ ಮುಂಜಾವದಲ್ಲಿ ಮೇಲೂರಿನಿಂದ ಶಿಡ್ಲಘಟ್ಟಕ್ಕೆ ಬೈಸಿಕಲ್ಲು ತುಳಿದುಕೊಂಡು ಬಂದವರಿಗೆ ಬೆರಳು ಮರಗಟ್ಟುವುದೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಆದರೂ ನಮ್ಮ ಚಳಿ ಎಷ್ಟರ ಚಳಿ! ಹೊತ್ತು ನಾಲ್ಕು ಮಾರು ಏರಿತೆಂದರೆ ಕಂಬಳಿಯನ್ನು ಮಡಿಸಿ ಇಡುತ್ತೇವೆ. ನೀರೇ ಕಲ್ಲಾಗುವ, ಕಡಲೇ ನೆಲವಾಗುವ ದಕ್ಷಿಣ ಧ್ರುವಖಂಡದಲ್ಲಿ ಒಬ್ಬ ವಿದ್ವಾಂಸನು ಬೈಸಿಕಲ್ಲು ಹತ್ತಿದನೆಂದರೆ ನಗು ಬರುವುದು ಸಹಜ. ಆತನು ಹುಡುಗಾಟದ ಮನುಷ್ಯನಲ್ಲ. ಭೂಗೋಳಶಾಸ್ತ್ರದ ವಿದ್ಯಾರ್ಥಿಗಳು ಪಠ್ಯಪುಸ್ತಕಗಳಲ್ಲಿ ಕಾಣುವ ಥಾಮಸ್ ಗ್ರಿಫಿತ್ ಟೇಲರ್ ಅವರೇ ಆ ಸವಾರರು.

ಟೇಲರ್ ಅವರು 1880ರ ಡಿಸೆಂಬರ್ 1ರಂದು ಇಂಗ್ಲೆಂಡಿನ ವಾಲ್ತಮ್‌ಸ್ಟೋ ಎಂಬಲ್ಲಿ ಜನಿಸಿದರು. ತಂದೆ ಲೋಹಶಾಸ್ತ್ರಜ್ಞರು. ಅವರು ಸರ್ಬಿಯದ ತಾಮ್ರದ ಗಣಿಯೊಂದರಲ್ಲಿ ಉದ್ಯೋಗಕ್ಕೆ ನಿಂತುದರಿಂದ ಮಗನ ಶೈಶವದ ಕೆಲವು ವರ್ಷಗಳು ಅಲ್ಲಿಯೇ ಕಳೆದವು. 1893ರಲ್ಲಿ ಕುಟುಂಬವು ಆಸ್ಟ್ರೇಲಿಯದ ಸಿಡ್ನಿಗೆ ಹೋಗಿ ನೆಲಸಿತು. ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನವನ್ನೂ ಎಂಜಿನಿಯರಿಂಗನ್ನೂ ಓದಿ, 1907ರಲ್ಲಿ ವಿದ್ಯಾರ್ಥಿವೇತನ ಪಡೆದು ಟೇಲರ್ ಕೇಂಬ್ರಿಜ್‌ಗೆ ತೆರಳಿದರು. ಕೆನಡಾ ದೇಶದ ಚಾರ್ಲ್ಸ್ ರೈಟ್ ಅವರ ಸ್ನೇಹ ದೊರೆತುದು ಅಲ್ಲಿಯೇ. ಮುಂದೆ ಟೇಲರ್ ಹಾಗೂ ರೈಟ್ ಇಬ್ಬರೂ ರೇಮಂಡ್ ಪ್ರೀಸ್ಟ್ಲಿ ಅವರ ಸೋದರಿಯರನ್ನು ಮದುವೆಯಾಗಿ ಷಡ್ಡಕರಾದರು. ಈ ಮೂವರೂ ಕ್ಯಾಪ್ಟನ್ ಸ್ಕಾಟ್ ಅವರ ಧ್ರುವಯಾತ್ರೆಗೆ ಸೇರಿದರು.

1910ರಲ್ಲಿ ಟೆರಾ ನೋವಾ ಎಂಬ ಹಡಗಿನಲ್ಲಿ ಹೊರಟ ಆ ತಂಡಕ್ಕೂ ನಮ್ಮ ದೇಶಕ್ಕೂ ನಂಟಿದ್ದುದನ್ನು ಇಲ್ಲಿ ನೆನೆಯಬಹುದು. ತಂಡದ ಹವಾಮಾನ ತಜ್ಞ ಜಾರ್ಜ್ ಸಿಂಪ್ಸನ್ ಅವರು ಸಿಮ್ಲಾದಲ್ಲಿದ್ದ ಭಾರತದ ಹವಾಮಾನ ಇಲಾಖೆಯಿಂದ ಬಂದವರು. ಬವರ್ಸ್ ಅವರು ರಾಯಲ್ ಇಂಡಿಯನ್ ಮೆರೀನ್ ಎಂಬ ನೌಕಾದಳದವರು. ಎರಡನೆಯ ವರ್ಷ ಸಾಮಾನು ಎಳೆಯಲು ತರಿಸಿದ 7 ಹೇಸರಗತ್ತೆಗಳು ಸಹ ಭಾರತದವೇ. ಟೇಲರ್ ಅವರಿಗೆ ದೊರೆತುದು ಹಿರಿಯ ಭೂವಿಜ್ಞಾನಿಯ ಸ್ಥಾನ. 1911ರ ಮೊದಲ ತಿಂಗಳುಗಳಲ್ಲಿ ಅವರು ಡೆಬೆನ್‌ಹ್ಯಾಮ್, ರೈಟ್ ಮತ್ತು ಎಡ್ಗರ್ ಇವಾನ್ಸ್ ಅವರೊಡನೆ ಪಶ್ಚಿಮದ ಬೆಟ್ಟಗಳ ಕಡೆಗೆ ಹೋಗಿ ಹಿಮನದಿಗಳ ನಕ್ಷೆ ಬರೆದರು. ಸುತ್ತಲೂ ಹಿಮವಿದ್ದರೂ ತಳದಲ್ಲಿ ಬರಿಯ ಕಲ್ಲು ಮಣ್ಣು ಕಾಣುವ ಒಂದು ಒಣ ಕಣಿವೆಯನ್ನು ಅವರು ಪರಿಶೀಲಿಸಿದರು. ಅದಕ್ಕೆ ಇಂದಿಗೂ ಟೇಲರ್ ಕಣಿವೆ ಎಂದೇ ಹೆಸರು.

ಚಳಿಗಾಲದ ದೀರ್ಘ ರಾತ್ರಿಯನ್ನು ಕೇಪ್ ಇವಾನ್ಸ್‌ನ ಮರದ ಮನೆಯಲ್ಲಿ ಕಳೆದ ಮೇಲೆ, 1911ರ ಅಕ್ಟೋಬರ್ ತಿಂಗಳಿನಲ್ಲಿ, ಟೇಲರ್ ಅವರು ಬೈಸಿಕಲ್ಲನ್ನು ಹೆಪ್ಪುಗಟ್ಟಿದ ಕಡಲಿನ ಮೇಲೆ ಇಳಿಸಿದರು. ಕರಾವಳಿಯಲ್ಲಿ ದಕ್ಷಿಣಕ್ಕಿರುವ ಟರ್ಕ್ಸ್ ಹೆಡ್ ಎಂಬ ಬಂಡೆಯ ಕಡೆಗೆ ಅವರ ಸವಾರಿ. ಆ ತಿಂಗಳಿನಲ್ಲಿ ಅಲ್ಲಿಯ ಉಷ್ಣತೆ ಸಾಧಾರಣವಾಗಿ ಸೊನ್ನೆಗಿಂತ 20 ಡಿಗ್ರಿ ಸೆಂಟಿಗ್ರೇಡ್ ಕೆಳಗಿರುತ್ತದೆ. ಕಡಲ ಮಂಜುಗಡ್ಡೆ ದೂರಕ್ಕೆ ಕನ್ನಡಿಯಂತೆ ಕಂಡರೂ ಹತ್ತಿರದಲ್ಲಿ ಹಾಗಲ್ಲ. ಗಾಳಿ ಒಟ್ಟಿದ ಹಿಮದ ದಿಂಡುಗಳು ಅಲ್ಲಲ್ಲಿ ಅಡ್ಡಲಾಗಿರುತ್ತವೆ. ಗಟ್ಟಿ ಮಂಜಿನ ಮೇಲೆ ಓಡುವ ಗಾಲಿಯು ಪುಡಿಹಿಮದಲ್ಲಿ ಹೂತುಕೊಳ್ಳುತ್ತದೆ. ಇಳಿದು ತಳ್ಳಬೇಕು, ಮತ್ತೆ ಹತ್ತಬೇಕು. ಹಿಂದಿರುಗುವಷ್ಟರಲ್ಲಿ ಟೇಲರ್ ಅವರ ಮೈಯಲ್ಲಿ ತ್ರಾಣವೇ ಉಳಿದಿರಲಿಲ್ಲ.

ಹೀಗಾಗುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಶೀತವು ಹೆಚ್ಚಿದಂತೆ ಗಾಲಿಯ ಅಚ್ಚಿನಲ್ಲಿರುವ ಗ್ರೀಸು ಗಟ್ಟಿಯಾಗಿ ತುಳಿತವು ಭಾರವಾಗುತ್ತದೆ. ಟೈರಿನ ರಬ್ಬರು ತನ್ನ ಬಾಗುವ ಗುಣವನ್ನು ಕಳೆದುಕೊಳ್ಳುತ್ತದೆ. 25 ಡಿಗ್ರಿಯಲ್ಲಿ ತುಂಬಿದ ಗಾಳಿಯು ಸೊನ್ನೆಗಿಂತ 25 ಡಿಗ್ರಿ ಕೆಳಕ್ಕೆ ಬಂದಾಗ ಅದರ ಒಟ್ಟು ಒತ್ತಡದಲ್ಲಿ ಸುಮಾರು ಆರನೆಯ ಒಂದು ಪಾಲು ತಗ್ಗುತ್ತದೆ. ಗಾಳಿಯಿಲ್ಲದ ದಿನವೂ ಸವಾರನ ವೇಗವೇ ಎದುರುಗಾಳಿಯಾಗಿ ಮುಖವನ್ನೂ ಕೈಗಳನ್ನೂ ಕೊರೆಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬೆವರು. ತುಳಿಯುವ ಶ್ರಮದಿಂದ ಉಡುಪಿನೊಳಗೆ ಒಸರಿದ ಬೆವರು, ಸವಾರನು ನಿಂತ ಕೂಡಲೇ ತಣ್ಣಗಾಗಿ ಮಂಜುಗಟ್ಟುತ್ತದೆ. ಆದುದರಿಂದ ಅಲ್ಲಿ ಬಿರುಸಾಗಿ ತುಳಿಯುವುದು ಅಪಾಯ. ಸುಮ್ಮನೆ ನಿಲ್ಲುವುದು ಅದಕ್ಕಿಂತಲೂ ಅಪಾಯ.

ಬೈಸಿಕಲ್ಲೊಂದೇ ಅಲ್ಲಿ ಸೋತಿತೆಂದು ತಿಳಿಯಬಾರದು. ಸ್ಕಾಟ್ ಅವರು ಕೊಂಡೊಯ್ದ 3 ಮೋಟಾರು ಬಂಡಿಗಳಲ್ಲಿ ಒಂದು ಹಡಗಿನಿಂದ ಇಳಿಸುವಾಗಲೇ ಮಂಜು ಒಡೆದು ಕಡಲಪಾಲಾಯಿತು. ಉಳಿದೆರಡು ದಾರಿಯಲ್ಲಿ ಕೆಟ್ಟು ನಿಂತವು. ಕುದುರೆಗಳ ಕಾಲು ಹಿಮದಲ್ಲಿ ಹೂತವು. ಟೇಲರ್ ಅವರು ಗ್ರಾನೈಟ್ ಹಾರ್ಬರ್ ಪ್ರದೇಶದ ಎರಡನೆಯ ಪರಿಶೋಧನೆಯನ್ನು ಕಾಲ್ನಡಿಗೆಯಲ್ಲಿಯೇ, ಜಾರುಬಂಡಿಯನ್ನು ಎಳೆದುಕೊಂಡೇ ನಡೆಸಿದರು. 1912ರ ಮಾರ್ಚ್ ತಿಂಗಳಿನಲ್ಲಿ ಅವರನ್ನು ಹೊತ್ತ ಹಡಗು ನ್ಯೂಜಿಲೆಂಡಿನ ಕಡೆಗೆ ಹೊರಟಾಗ, ಧ್ರುವಕ್ಕೆ ಹೋದ ಸ್ಕಾಟ್ ಮತ್ತು ನಾಲ್ವರು ಸಂಗಡಿಗರ ಗತಿ ಏನಾಯಿತೆಂದು ಯಾರಿಗೂ ತಿಳಿದಿರಲಿಲ್ಲ. ಆ ಐವರೂ ಹಿಂದಿರುಗಲಿಲ್ಲ. ಟೇಲರ್ ಅವರೊಡನೆ ಒಂದೇ ಬಂಡಿಯನ್ನೆಳೆದಿದ್ದ ಎಡ್ಗರ್ ಇವಾನ್ಸ್ ಅವರು ಆ ಐವರಲ್ಲಿ ಒಬ್ಬರು.

1920ರಲ್ಲಿ ಟೇಲರ್ ಅವರು ಸಿಡ್ನಿ ವಿಶ್ವವಿದ್ಯಾನಿಲಯದ ಭೂಗೋಳ ವಿಭಾಗದ ಮೊದಲ ಮುಖ್ಯಸ್ಥರಾದರು. ಅವರ ಜೀವನದ ನಿಜವಾದ ಪರೀಕ್ಷೆ ಕಾದಿದ್ದುದು ಈ ಕಾಲದಲ್ಲಿ. ಆಸ್ಟ್ರೇಲಿಯದಲ್ಲಿ ಹತ್ತು ಕೋಟಿ, ಇಪ್ಪತ್ತು ಕೋಟಿ ಜನರು ಬಾಳಬಹುದೆಂದು ಪತ್ರಿಕೆಗಳೂ ರಾಜಕಾರಣಿಗಳೂ ಸಾರುತ್ತಿದ್ದ ದಿನಗಳವು. ಟೇಲರ್ ಅವರು ಮಳೆಯ ಲೆಕ್ಕವನ್ನು ಮುಂದಿಟ್ಟುಕೊಂಡು, ದೇಶದ ನಡುಭಾಗವು ಮರುಭೂಮಿಯೆಂದೂ ಶತಮಾನದ ಕೊನೆಗೆ ಜನಸಂಖ್ಯೆ 2 ಕೋಟಿಯ ಆಸುಪಾಸಿನಲ್ಲಿ ನಿಲ್ಲುವುದೆಂದೂ ಹೇಳಿದರು. ದೇಶದ್ರೋಹಿಯೆಂಬಂತೆ ಅವರನ್ನು ಹಳಿದರು. ಮರುಭೂಮಿ ಎಂಬ ಮಾತು ಬಳಸಿದ ತಪ್ಪಿಗೆ ಅವರ ಪಠ್ಯಪುಸ್ತಕವು ಪಶ್ಚಿಮ ಆಸ್ಟ್ರೇಲಿಯದಲ್ಲಿ ನಿಷಿದ್ಧವಾಯಿತು. ಉತ್ತರ ಧ್ರುವಪ್ರದೇಶದಲ್ಲಿ ಸಂಚರಿಸಿ ಖ್ಯಾತರಾಗಿದ್ದ ಸ್ಟೆಫಾನ್ಸನ್ ಅವರು 1924ರಲ್ಲಿ ಆಸ್ಟ್ರೇಲಿಯಕ್ಕೆ ಬಂದು, ನಡುನಾಡು ಮರುಭೂಮಿಯಲ್ಲವೆಂಬ ಪಕ್ಷವನ್ನು ಹಿಡಿದರು. ಟೇಲರ್ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. 1928ರಲ್ಲಿ ಅವರು ಷಿಕಾಗೋ ವಿಶ್ವವಿದ್ಯಾನಿಲಯಕ್ಕೂ ಅಲ್ಲಿಂದ ಮುಂದೆ ಕೆನಡಾದ ಟೊರಾಂಟೋಗೂ ಹೋಗಿ, ಟೊರಾಂಟೋದಲ್ಲಿ ಭೂಗೋಳ ವಿಭಾಗವನ್ನು ಕಟ್ಟಿ ಬೆಳೆಸಿದರು. 2000ನೆಯ ಇಸವಿಯಲ್ಲಿ ಆಸ್ಟ್ರೇಲಿಯದ ಜನಸಂಖ್ಯೆ ಸುಮಾರು 1 ಕೋಟಿ 90 ಲಕ್ಷವಾಗಿತ್ತು.

ಅವರ ಎಲ್ಲ ಅಭಿಪ್ರಾಯಗಳೂ ನಿಂತಿಲ್ಲ. ಹವಾಗುಣವನ್ನೂ ಮಾನವ ಜನಾಂಗಗಳನ್ನೂ ಜೋಡಿಸಿ ಅವರು ಬರೆದುದನ್ನು ಇಂದಿನ ವಿಜ್ಞಾನವು ಒಪ್ಪುವುದಿಲ್ಲ. ಉಳಿದಿರುವುದು, ಮನುಷ್ಯನನ್ನು ರಸ್ತೆಯ ಕೂಡಿನಲ್ಲಿ ನಿಂತ ಪೋಲೀಸಿನವನಿಗೆ ಹೋಲಿಸುವ ಅವರ ವಾದ. ಪೋಲೀಸಿನವನು ವಾಹನಗಳನ್ನು ತಡೆಯಬಹುದು, ನಿಧಾನಗೊಳಿಸಬಹುದು, ಬೇಗ ಬಿಡಬಹುದು. ಆದರೆ ರಸ್ತೆಯ ದಿಕ್ಕನ್ನೇ ಬದಲಾಯಿಸಲಾರನು. ಹಾಗೆಯೇ ನಾಡಿನ ಪ್ರಗತಿಯ ವೇಗ ಮಾನವನ ಕೈಯಲ್ಲಿದೆ. ದಾರಿಯನ್ನು ಹಾಕಿಕೊಟ್ಟಿರುವುದು ಪ್ರಕೃತಿ. ಹಿಮದ ಮೇಲೆ ಬೈಸಿಕಲ್ಲು ತಳ್ಳಿದವರಿಗೆ ಈ ಮಾತು ಬರಿಯ ಪುಸ್ತಕದ ಮಾತಾಗಿರಲಾರದು.

1951ರಲ್ಲಿ ಟೇಲರ್ ಸಿಡ್ನಿಗೆ ಮರಳಿದರು. 1954ರಲ್ಲಿ ಆಸ್ಟ್ರೇಲಿಯದ ವಿಜ್ಞಾನ ಅಕಾಡೆಮಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು. ಒಮ್ಮೆ ಅವರನ್ನು ಹಳಿದ ದೇಶವೇ ಅವರನ್ನು ಗೌರವಿಸಿತು. 1963ರ ನವೆಂಬರ್ 5ರಂದು ಅವರು ತೀರಿಕೊಂಡರು.

ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಈ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಕುಳಿತು ನಾವು ಟೇಲರ್ ಅವರ ಚರಿತ್ರೆಯನ್ನು ಓದುವುದು ವ್ಯರ್ಥವಲ್ಲ. ಮಳೆ ಎಷ್ಟೆಂದು ಅರಿತೇ ನಮ್ಮ ಹಿರಿಯರು ಊರೂರಿಗೆ ಕೆರೆ ಕಟ್ಟಿದರು. ನಾವಾದರೋ ಸಾವಿರ ಅಡಿಗೂ ಮಿಗಿಲಾಗಿ ಕೊಳವೆ ಬಾವಿ ಕೊರೆದು ನೆಲದ ಮಿತಿಯನ್ನು ಮರೆತಿದ್ದೇವೆ. ನೆಲವು ಹೇಳುವ ಸತ್ಯವನ್ನು ಮೈಮುಟ್ಟಿ ಅರಿಯುವುದೂ, ಅರಿತುದನ್ನು ಹತ್ತು ಮಂದಿಗೆ ಬೇಡವಾದಾಗಲೂ ಆಡುವುದೂ ವಿದ್ಯಾವಂತನ ಕರ್ತವ್ಯ. ಭೂಗೋಳವನ್ನು ಪರೀಕ್ಷೆಗಾಗಿ ಮಾತ್ರ ಓದುವವರಿಗೆ ಈ ಕರ್ತವ್ಯವು ತಿಳಿಯದು.